ಬೆಲೆ ಬಂತು, ಮಾನ ಬಂತೆ?

ನಮ್ಮ ಜನ ನಾಲ್ಕು ಮಂದಿ ಸೇರಿದ ಕಡೆ ಮದುವೆಯ ಮಾತು ಬಾರದಿರುವುದು ಅಪರೂಪ. ಸಂಘದ ನಾಡಹಬ್ಬವಿರಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಿರಲಿ, ಎಲೆ ಅಡಿಕೆಯ ತಟ್ಟೆ ಬರುವ ಹೊತ್ತಿಗೆ ಯಾರಾದರೊಬ್ಬರು 'ಈಗ ಹೆಣ್ಣು ಸಿಗುವುದೇ ಕಷ್ಟವಾಗಿದೆ ನೋಡಿ' ಎಂದು ಆರಂಭಿಸುತ್ತಾರೆ. ಹಿಂದೆ ಹೆಣ್ಣು ಹೆತ್ತವರು ಜಾತಕ ಹಿಡಿದು ಅಲೆಯುತ್ತಿದ್ದರು, ಈಗ ಗಂಡು ಹೆತ್ತವರ ಸರದಿ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಕಡೆಗೆ ಹಿರಿಯರೊಬ್ಬರು ತೀರ್ಪು ಕೊಡುತ್ತಾರೆ: ಆಗಲಿ ಬಿಡಿ, ಹೆಣ್ಣು ಕಡಮೆಯಾದಷ್ಟೂ ಹೆಣ್ಣಿಗೆ ಬೆಲೆ ಬರುತ್ತದೆ, ಆಗಲಾದರೂ ಲೋಕಕ್ಕೆ ಬುದ್ಧಿ ಬಂದೀತು.

ಕೇಳುವುದಕ್ಕೆ ಈ ಮಾತು ನ್ಯಾಯವಾಗಿಯೇ ಇದೆ. ಸಂತೆಯಲ್ಲಿ ಯಾವುದು ಅಪರೂಪವೋ ಅದಕ್ಕೆ ಬೆಲೆ ಹೆಚ್ಚು. ಈರುಳ್ಳಿಯ ವಿಷಯದಲ್ಲಿ ಇದನ್ನು ನಾವೆಲ್ಲ ಬಲ್ಲೆವು. ಹಾಗಾದರೆ ಹೆಣ್ಣಿನ ವಿಷಯದಲ್ಲಿಯೂ ಇದು ನಿಜವೆ? ಅಪರೂಪವಾದ ಮಾತ್ರಕ್ಕೆ ಹೆಣ್ಣಿನ ಸ್ಥಾನಮಾನ ಮೇಲೇರುತ್ತದೆಯೆ? ಇದಕ್ಕೆ ಊಹೆಯಿಂದ ಉತ್ತರ ಹೇಳುವ ಅಗತ್ಯವಿಲ್ಲ. ನಮ್ಮ ನೆರೆಯ ಚೀನಾ ದೇಶ ನಾಲ್ಕು ದಶಕಗಳಿಗೂ ಮೇಲ್ಪಟ್ಟು ಇದನ್ನು ತನ್ನ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ನೋಡಿದೆ. ಅಲ್ಲಿ ನಡೆದುದನ್ನು ಕೊಂಚ ಗಮನವಿಟ್ಟು ನೋಡಿದರೆ ನಮ್ಮ ಹಿರಿಯರ ತೀರ್ಪನ್ನು ಒರೆಗೆ ಹಚ್ಚಿದಂತಾಗುತ್ತದೆ.

1919ರ ನವೆಂಬರಿನಲ್ಲಿ ಹುನಾನ್ ಪ್ರಾಂತದ ಚಾಂಗ್ಷಾ ನಗರದಲ್ಲಿ ಝಾವೊ ಎಂಬ ಮನೆತನದ ಹುಡುಗಿಯೊಬ್ಬಳನ್ನು ಮದುವೆಯ ಪಲ್ಲಕ್ಕಿಯಲ್ಲಿ ಕೂರಿಸಿ ಗಂಡಿನ ಮನೆಗೆ ಕಳಿಸಿದರು. ಅವಳಿಗೆ ಆ ವರ ಒಲ್ಲದವನು. ದಾರಿಯಲ್ಲಿ, ಪಲ್ಲಕ್ಕಿಯೊಳಗೇ, ಅವಳು ಕತ್ತು ಕೊಯ್ದುಕೊಂಡು ಪ್ರಾಣ ಬಿಟ್ಟಳು. ಈ ಘಟನೆಯ ಮೇಲೆ ಅಲ್ಲಿನ ಪತ್ರಿಕೆಯಲ್ಲಿ ಇಪ್ಪತ್ತೈದರ ತರುಣನೊಬ್ಬ ಒಂದರ ಹಿಂದೊಂದು ಲೇಖನ ಬರೆದ. ತಪ್ಪು ಆ ತಂದೆತಾಯಿಯರದೊಂದೇ ಅಲ್ಲ, ಅವಳನ್ನು ಕೊಂದದ್ದು ಸಮಾಜ ಎಂಬುದು ಅವನ ವಾದ. ಆ ತರುಣ ಮಾವೊ. ಮೂವತ್ತು ವರ್ಷಗಳ ನಂತರ ಅವನ ಪಕ್ಷ ಅಧಿಕಾರಕ್ಕೆ ಬಂದು, 1950ರ ಮೇ ತಿಂಗಳಲ್ಲಿ ವಿವಾಹ ಕಾನೂನನ್ನು ಜಾರಿಗೆ ತಂದಿತು. ಒಲ್ಲದ ಮದುವೆ, ಬಾಲ್ಯದ ನಿಶ್ಚಿತಾರ್ಥ, ಉಪಪತ್ನಿಯರನ್ನು ಇಟ್ಟುಕೊಳ್ಳುವ ಪದ್ಧತಿ, ಎಲ್ಲವೂ ನಿಷಿದ್ಧವಾದವು. ಹೆಣ್ಣಿಗೂ ವಿಚ್ಛೇದನ ಕೇಳುವ ಹಕ್ಕು ಬಂತು. ಇದನ್ನು ಸಣ್ಣ ಮಾತೆನ್ನಲಾಗದು. ಹೆಣ್ಣುಮಕ್ಕಳು ಶಾಲೆಗೆ ಹೋದರು, ಕಾರ್ಖಾನೆಗೆ ಹೋದರು. ಆಕಾಶದ ಅರ್ಧವನ್ನು ಹೊತ್ತವರು ಹೆಂಗಸರು ಎಂಬ ಘೋಷಣೆ ಗೋಡೆಗೋಡೆಯ ಮೇಲೆ ಬಂತು.

ಆದರೆ ಆಕಾಶ ಅರ್ಧವಾದರೂ ಹೊಲದಲ್ಲಿ ಲೆಕ್ಕ ಬೇರೆಯೇ ಇತ್ತು. ಕಮ್ಯೂನ್‌ಗಳಲ್ಲಿ ದಿನಗೂಲಿಯನ್ನು ಅಂಕಗಳಲ್ಲಿ ಬರೆದುಕೊಳ್ಳುತ್ತಿದ್ದರು. ಗಂಡಾಳಿಗೆ ದಿನಕ್ಕೆ ಹತ್ತು ಅಂಕವಾದರೆ ಹೆಣ್ಣಾಳಿಗೆ ಸಾಮಾನ್ಯವಾಗಿ ಏಳೋ ಎಂಟೋ. ನಮ್ಮ ಊರುಗಳ ಗದ್ದೆಬಯಲಿನ ಕೂಲಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕ್ರಾಂತಿ ಎಷ್ಟೋ ಹಳೆಯದನ್ನು ಕಿತ್ತುಹಾಕಿದರೂ ಒಂದನ್ನು ಮುಟ್ಟಲಿಲ್ಲ. ಮದುವೆಯಾದ ಹೆಣ್ಣು ತನ್ನ ಊರು ಬಿಟ್ಟು ಗಂಡನ ಊರಿಗೆ ಹೋಗಬೇಕು, ಅವನ ತಂದೆತಾಯಿಯರನ್ನು ನೋಡಿಕೊಳ್ಳಬೇಕು, ವಂಶದ ಹೆಸರು ಗಂಡಿನಿಂದಲೇ ಮುಂದುವರಿಯಬೇಕು. ಹಳ್ಳಿಯ ಮುದುಕನಿಗೆ ಪಿಂಚಣಿಯಿರಲಿಲ್ಲ. ಅವನ ಪಿಂಚಣಿ ಅವನ ಮಗ. ಮದುವೆ ಮಾಡಿ ಕೊಟ್ಟ ಮಗಳು ಚೆಲ್ಲಿದ ನೀರು ಎಂಬ ಗಾದೆ ಅವರದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನಮ್ಮದು. ಹಿಮಾಲಯ ಅಡ್ಡವಿದ್ದರೂ ಗಾದೆಗಳಿಗೆ ಯಾವ ಅಡ್ಡಿಯೂ ಆದಂತಿಲ್ಲ!

ಇಂಥ ನೆಲದ ಮೇಲೆ 1980ರಲ್ಲಿ ಒಂದೇ ಮಗುವಿನ ಕಟ್ಟಳೆ ಬಂದು ಬಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಷ ತನ್ನ ಸದಸ್ಯರಿಗೆಲ್ಲ ಬಹಿರಂಗ ಪತ್ರ ಬರೆಯಿತು. 1983 ಒಂದೇ ವರ್ಷದಲ್ಲಿ ಸುಮಾರು 2 ಕೋಟಿ ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದುವು. ಅದರಲ್ಲಿ ಬಹುಪಾಲು ಹೆಂಗಸರ ಮೇಲೆ. ಹಳ್ಳಿಗಳು ಕುದಿದುವು. ಒಂದೇ ಮಗು ಎಂದಾಗ ಆ ಒಂದು ಹೆಣ್ಣಾದರೆ ಮುಪ್ಪಿನಲ್ಲಿ ನಮ್ಮ ಗತಿಯೇನು ಎಂಬುದು ಅವರ ಅಳಲು. ಸರಕಾರ 1984ರಲ್ಲಿ ಸ್ವಲ್ಪ ಬಾಗಿತು. ಬಹಳಷ್ಟು ಪ್ರಾಂತಗಳ ಗ್ರಾಮಭಾಗಗಳಲ್ಲಿ, ಮೊದಲ ಮಗು ಹೆಣ್ಣಾಗಿದ್ದರೆ ಎರಡನೆಯದಕ್ಕೆ ಅವಕಾಶ ಎಂದಾಯಿತು. ಗಂಡಾಗಿದ್ದರೆ ಇಲ್ಲ.

ಈ ರಿಯಾಯಿತಿಯ ಒಳಗೆ ಅಡಗಿದ ಮಾತನ್ನು ಓದುಗರು ಗಮನಿಸಬೇಕು. ಬಡ ರೈತನ ಮೇಲಿನ ಕನಿಕರದಿಂದಲೇ ಇದು ಹುಟ್ಟಿತೆಂದು ಒಪ್ಪೋಣ. ಆದರೂ ಇದರ ಅರ್ಥವೇನು? ಗಂಡು ಹುಟ್ಟಿದರೆ ಮನೆ ತುಂಬಿತು, ಹೆಣ್ಣು ಹುಟ್ಟಿದರೆ ಇನ್ನೂ ತುಂಬಿಲ್ಲ ಎಂದು ರಾಜ್ಯವೇ ಮೊಹರು ಹಾಕಿ ಹೇಳಿದಂತಾಯಿತು. ಈ ಕಟ್ಟಳೆಗೆ 'ಒಂದೂವರೆ ಮಗುವಿನ ನೀತಿ' ಎಂಬ ಅಡ್ಡಹೆಸರೇ ಬಿತ್ತು. ಆ ಅರ್ಧ ಯಾರೆಂಬುದನ್ನು ಬಿಡಿಸಿ ಹೇಳಬೇಕೆ? ಆಕಾಶದಲ್ಲಿ ಅರ್ಧ ಕೊಟ್ಟವರು ಮನೆಯಲ್ಲಿಯೂ ಅರ್ಧವೆಂದೇ ಎಣಿಸಿದರು.

ಅದೇ ಕಾಲಕ್ಕೆ ಸ್ಕ್ಯಾನಿಂಗ್ ಯಂತ್ರ, ನಮ್ಮ ಮುಂಬಯಿಯವರು ಸೋನೋಗ್ರಫಿ ಎನ್ನುವುದು, ಜಿಲ್ಲಾ ಆಸ್ಪತ್ರೆಗಳಿಗೆ ಬಂದು ಕೂತಿತು. ಮುಂದಿನದು ಅಂಕಿಗಳ ಕತೆ. ನಾವು ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂದು ಎಣಿಸುತ್ತೇವೆ, ಅವರು ನೂರು ಹೆಣ್ಣಿಗೆ ಎಷ್ಟು ಗಂಡು ಎಂದು ಎಣಿಸುತ್ತಾರೆ. ಪ್ರಕೃತಿಯ ಲೆಕ್ಕದಲ್ಲಿ ನೂರು ಹೆಣ್ಣು ಹುಟ್ಟಿದರೆ 105 ಅಥವಾ 106 ಗಂಡು ಹುಟ್ಟುತ್ತವೆ. ಚೀನಾದಲ್ಲಿ 1982ರ ಜನಗಣತಿಯಲ್ಲಿ ಇದು 108ನ್ನು ದಾಟಿತ್ತು, 1990ರಲ್ಲಿ 111ನ್ನು, 2004ರಲ್ಲಿ 121ನ್ನು. 2000ದ ಗಣತಿಯಲ್ಲಿ ಮೊದಲ ಮಗುವಿನ ಲೆಕ್ಕ ಹೆಚ್ಚುಕಡಮೆ ಸರಿಯಾಗಿಯೇ ಇದ್ದು, ಎರಡನೆಯ ಮಗುವಿಗೆ ಬರುವಾಗ ಅದು ನೂರಕ್ಕೆ ಸುಮಾರು 150 ಆಗಿತ್ತು. ಆ 'ಅರ್ಧ'ವನ್ನು ತುಂಬಿಸಿಕೊಳ್ಳಲು ಜನ ಏನು ಮಾಡಿದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಣಿಕೆಗೆ ಸಿಗದ ಹೆಣ್ಣುಮಕ್ಕಳೆಲ್ಲ ಹುಟ್ಟುವ ಮೊದಲೇ ಅಳಿದವರೆಂದಲ್ಲ. ಎಷ್ಟೋ ಕೂಸುಗಳನ್ನು ದಾಖಲೆಗೆ ಹಾಕದೆ ಅಜ್ಜಿಯ ಮನೆಯಲ್ಲಿ ಬಚ್ಚಿಟ್ಟು ಬೆಳೆಸಿದ್ದರು, ಅವರು ದೊಡ್ಡವರಾದ ಮೇಲೆ ಗಣತಿಯಲ್ಲಿ ಕಾಣಿಸಿಕೊಂಡರು. ಅನಾಥಾಲಯದ ಬಾಗಿಲಲ್ಲಿ ಬಿಟ್ಟ ಹಲವರು ದತ್ತಕವಾಗಿ ಅಮೆರಿಕಕ್ಕೆ ಹೋದರು. ಹಾಗೆ ಹೋದ ಮಕ್ಕಳು 80,000ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಹೆಣ್ಣು. 2024ರಲ್ಲಿ ಚೀನಾ ಈ ಬಾಗಿಲನ್ನು ಮುಚ್ಚಿತು.

ಉಳಿದುಕೊಂಡ ಹುಡುಗಿಯರಲ್ಲಿ ಕೆಲವರಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಮನಸ್ಸು ಮುದುಡುತ್ತದೆ. 'ಝಾವೊದೀ' ಎಂದರೆ ತಮ್ಮನನ್ನು ಕರೆ ಎಂದರ್ಥ, 'ಲಾಯ್‌ದೀ' ಎಂದರೆ ತಮ್ಮ ಬರಲಿ. ಅರವತ್ತರ ಮುದುಕಿಯಾದರೂ ಅವಳು ತಮ್ಮನನ್ನು ಕರೆಯುತ್ತಲೇ ಇರಬೇಕು. ಇದನ್ನು ಓದಿ ನಾವು ನಗುವ ಹಾಗಿಲ್ಲ. ಪುಣೆಯಿಂದ ಕೂಗಳತೆಯ ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ 285 ಹುಡುಗಿಯರಿಗೆ ಸರಕಾರವೇ ಸಮಾರಂಭ ಮಾಡಿ ಹೊಸ ಹೆಸರು ಕೊಡಬೇಕಾಯಿತು. ಅವರ ಹಳೆಯ ಹೆಸರು 'ನಕೋಶಿ', ಬೇಡವಾದವಳು. ಗರ್ಭಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು ಭಾರತದಲ್ಲಿ ಬಂದದ್ದು 1994ರ ಸೆಪ್ಟೆಂಬರಿನಲ್ಲಿ, ಚೀನಾದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ. ಒಂದು ದೇಶದಲ್ಲಿ ಮಕ್ಕಳ ಮೇಲೆ ಸರಕಾರದ ಕಟ್ಟಳೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಾನೂನು ಮಾತ್ರ ಎರಡು ಕಡೆಯೂ ಬೇಕಾಯಿತು.

ಈಗ ನಮ್ಮ ಹಿರಿಯರ ತೀರ್ಪಿನತ್ತ ತಿರುಗೋಣ. 2020ರ ಗಣತಿಯಂತೆ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರು 3 ಕೋಟಿ 49 ಲಕ್ಷ ಹೆಚ್ಚು. ಮದುವೆಯಾಗದೆ ಉಳಿದ ಗಂಡಿಗೆ ಅಲ್ಲಿ 'ಗ್ವಾಂಗ್‌ಗುನ್', ಎಂದರೆ ಬೋಳು ಕೊಂಬೆ ಎನ್ನುತ್ತಾರೆ. ಎಲೆಯಿಲ್ಲ, ಹೂವಿಲ್ಲ, ಕಾಯಿಲ್ಲ. ಈ ಬೋಳು ಕೊಂಬೆಗಳು ಯಾರು? ಶಾಂಘೈಯ ಶ್ರೀಮಂತನ ಮಗನಲ್ಲ. ಗುಡ್ಡಗಾಡಿನ ಬಡ ರೈತನ ಎರಡನೆಯ, ಮೂರನೆಯ ಮಗ. ಇದ್ದ ಹುಡುಗಿಯರೂ ಕಾರ್ಖಾನೆ ಕೆಲಸಕ್ಕೆಂದು ಪಟ್ಟಣಕ್ಕೆ ಹೋಗಿ ಅಲ್ಲಿಯೇ ನೆಲೆಸಿದರು. ಹಳ್ಳಿಯಲ್ಲಿ ಉಳಿದವನು ಉಳಿದೇ ಹೋದ. ಇವನ ಮೇಲೆ ನಮಗೆ ಕನಿಕರವೇ ಇದೆ. ತಂದೆತಾಯಿಯರು ಮಾಡಿದ ಆಯ್ಕೆಗೆ ಸಾಲ ತೀರಿಸುತ್ತಿರುವವನು ಅವನು. ನಮ್ಮ ಮಂಡ್ಯ ಜಿಲ್ಲೆಯ ರೈತರ ಮಕ್ಕಳು 2023ರ ಫೆಬ್ರವರಿಯಲ್ಲಿ, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ ಸುದ್ದಿ ಓದಿ ಎಷ್ಟೋ ಜನ ನಕ್ಕರು. ಅದೇ ವರ್ಷದ ಕೊನೆಯಲ್ಲಿ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದ ಮಗು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವನ್ನು ಪೋಲಿಸರು ಹಿಡಿದರು. ಆಗ ನಗುವವರು ಯಾರೂ ಇರಲಿಲ್ಲ.

ಹೆಣ್ಣಿಗೆ ಬೆಲೆ ಬಂತೆ ಎಂದರೆ, ಚೀನಾದಲ್ಲಿ ಖಂಡಿತ ಬಂತು. ಅಕ್ಷರಶಃ ಬಂತು. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಹಣ ಕೊಡುವ ರೂಢಿ ಅಲ್ಲಿ ಹಳೆಯದು, ನಮ್ಮ ಕೆಲವು ಸಮುದಾಯಗಳಲ್ಲಿದ್ದ 'ತೆರ'ದ ಹಾಗೆ. ಹೆಣ್ಣು ಕಡಮೆಯಾದಂತೆ ಈ ತೆರ ಏರಿತು. ಕೆಲವು ಕಡೆ ನೂರು ಯುವಾನಿನ ನೋಟುಗಳನ್ನು ಎಣಿಸುವುದನ್ನೇ ಬಿಟ್ಟು ತಕ್ಕಡಿಗೆ ಹಾಕಿ ತೂಗಿದರು. ಒಂದೂವರೆ ಕಿಲೋ ನೋಟು ತೂಗಿದರೆ ಸಂಬಂಧ ಕುದುರಿತು. ಅಷ್ಟು ತೂಕಕ್ಕೆ ಒಂದು ಲಕ್ಷ ಮೂವತ್ತು ಸಾವಿರ ಯುವಾನಿನಷ್ಟಾಗುತ್ತದೆ. ಅದರ ಮೇಲೆ ಗಂಡಿಗೆ ಪಟ್ಟಣದಲ್ಲೊಂದು ಮನೆಯೂ ಇರಬೇಕು. ಈ ವ್ಯಾಜ್ಯಗಳು ಎಷ್ಟು ಹೆಚ್ಚಿದುವೆಂದರೆ ತೆರದ ಹಣ ಯಾವಾಗ ಹಿಂತಿರುಗಿಸಬೇಕು ಎಂಬ ಬಗ್ಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ನಿಯಮಗಳನ್ನೇ ಮಾಡಬೇಕಾಯಿತು.

ಸರಿ, ಆ ಹಣ ಯಾರ ಕೈ ಸೇರಿತು? ಅನೇಕ ಮನೆಗಳಲ್ಲಿ ಅದು ಹುಡುಗಿಯ ತಮ್ಮನ ಮದುವೆಗಾಯಿತು. ಅಕ್ಕನ ತೆರದಿಂದ ತಮ್ಮನಿಗೊಬ್ಬ ಹೆಂಡತಿ. ಅವಳ ತೆರದಿಂದ ಅವಳ ತಮ್ಮನಿಗೆ ಇನ್ನೊಬ್ಬಳು. ಹೀಗೆ ನೋಟಿನ ಕಟ್ಟು ಊರಿಂದೂರಿಗೆ ಹೋಗುತ್ತದೆ, ಹುಡುಗಿಯೂ ಹೋಗುತ್ತಾಳೆ. ಇಷ್ಟು ಬೆಲೆಬಾಳುವ ಹೆಣ್ಣಿನ ಕೈಗೆ ಮಾತ್ರ ಏನೂ ಬರುವುದಿಲ್ಲ. ಗಂಡನ ಊರಿಗೆ ಹೋದೊಡನೆ ತವರಿನಲ್ಲಿ ಅವಳ ಪಾಲಿನ ಜಮೀನು ಬೇರೆಯವರಿಗೆ ಹೋಗುವುದೂ ಉಂಟು. 2002ರ ಭೂ ಕಾನೂನು ಇದನ್ನು ತಡೆದರೂ ಹಳ್ಳಿಯ ಸಮಿತಿಗಳು ಹಳೆಯ ಗಾದೆಯಂತೆಯೇ ನಡೆದುಕೊಂಡವು.

ಬೆಲೆ ಕೊಡಲಾರದವನು ಏನು ಮಾಡಿದ ಎಂಬುದು ಇನ್ನೂ ಕರಾಳ. ಮ್ಯಾನ್ಮಾರಿನ ಕಚಿನ್ ಪ್ರದೇಶದಿಂದ, ವಿಯೆಟ್ನಾಮಿನಿಂದ ಹುಡುಗಿಯರನ್ನು ಕೆಲಸ ಕೊಡಿಸುತ್ತೇವೆಂದು ನಂಬಿಸಿ ತಂದು ಮಾರಿದರು. ದೇಶದೊಳಗೇ ಬಡ ಪ್ರಾಂತದಿಂದ ಕದ್ದು ತಂದದ್ದೂ ಉಂಟು. 2022ರ ಜನವರಿಯಲ್ಲಿ ಜಿಯಾಂಗ್ಸು ಪ್ರಾಂತದ ಹಳ್ಳಿಯೊಂದರ ಗುಡಿಸಲಿನಲ್ಲಿ, ಚಳಿಯಲ್ಲಿ, ಕತ್ತಿಗೆ ಸರಪಳಿ ಬಿಗಿದ ಹೆಂಗಸೊಬ್ಬಳ ಚಿತ್ರ ಹೊರಬಂದು ಇಡೀ ಚೀನಾ ತಲ್ಲಣಿಸಿತು. ಅವಳು ಎಂಟು ಮಕ್ಕಳ ತಾಯಿ. ದೂರದ ಯುನ್ನಾನ್ ಪ್ರಾಂತದವಳು, ಒಬ್ಬರ ಕೈಯಿಂದ ಒಬ್ಬರ ಕೈಗೆ ಮಾರಾಟವಾಗಿ ಬಂದವಳು. ಮರುವರ್ಷ ಗಂಡನೆನಿಸಿಕೊಂಡವನಿಗೆ ಒಂಬತ್ತು ವರ್ಷ ಸೆರೆಯಾಯಿತು. ಆಗ ಅಲ್ಲಿನ ಜನ ಕಾನೂನಿನ ಪುಸ್ತಕ ತೆರೆದು ನೋಡಿದರು. ಹೆಣ್ಣನ್ನು ಮಾರಿದವನಿಗೆ ಐದರಿಂದ ಹತ್ತು ವರ್ಷ, ಕೊಂಡ ತಪ್ಪೊಂದಕ್ಕೇ ಆದರೆ ಹೆಚ್ಚೆಂದರೆ ಮೂರು ವರ್ಷ. ಅಳಿವಿನಂಚಿನ ಪ್ರಾಣಿಯನ್ನು ಕೊಂಡವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆಯಿತ್ತು. ಅಪರೂಪದ್ದಕ್ಕೆ ಬೆಲೆಯೆಂಬ ಮಾತು ಅಪರೂಪದ ಪ್ರಾಣಿಯ ವಿಷಯದಲ್ಲಿ ನಿಜವಾಗಿತ್ತು!

ಸಂತೆಯ ನ್ಯಾಯ ಎಲ್ಲಿ ಎಡವುತ್ತದೆ ಎಂಬುದು ಇಷ್ಟರಿಂದಲೇ ಕಾಣುತ್ತದೆಂದು ನಮ್ಮ ಎಣಿಕೆ. ಸಂತೆಯಲ್ಲಿ ಬೆಲೆ ಏರಿದರೆ ಲಾಭ ಮಾಲಿನ ಒಡೆಯನಿಗೆ, ಮಾಲಿಗಲ್ಲ. ಹೆಣ್ಣಿನ ಒಡೆತನ ಹೆಣ್ಣಿನ ಕೈಯಲ್ಲಿರುವ ಕಡೆ ಅವಳು ಬೇಡವೆಂದು ಹೇಳಬಲ್ಲಳು. ಇಲ್ಲದ ಕಡೆ ಅವಳು ಅಪರೂಪವಾದಷ್ಟೂ ಕಾವಲು ಬಿಗಿಯಾಗುತ್ತದೆ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅದನ್ನು ನೋಡದೆ ಬಿಟ್ಟರೆ ನಾವು ನ್ಯಾಯ ಮಾಡಿದಂತಾಗದು. ಪಟ್ಟಣಗಳಲ್ಲಿ ಆ ರಿಯಾಯಿತಿ ಇರಲಿಲ್ಲ. ಒಂದೆಂದರೆ ಒಂದೇ. ಕೋಟ್ಯಂತರ ಮನೆಗಳಲ್ಲಿ ಆ ಒಂದು ಹೆಣ್ಣೇ ಆಯಿತು. ವೆನೆಸಾ ಫಾಂಗ್ ಎಂಬ ಮಾನವಶಾಸ್ತ್ರಜ್ಞೆ 1990ರ ದಶಕದ ಕೊನೆಯಲ್ಲಿ ದಾಲಿಯನ್ ನಗರದ ಮನೆಗಳಿಗೆ ಹೋಗಿ ಈ ಹುಡುಗಿಯರನ್ನು ಕಂಡು ಬರೆದಿದ್ದಾರೆ. ತಮ್ಮನಿಲ್ಲದ ಕಾರಣ ತಂದೆತಾಯಿಯರ ಹಣ, ಆಸೆ, ಟ್ಯೂಷನ್ನು, ಬೈಗುಳ ಎಲ್ಲವೂ ಆ ಒಬ್ಬ ಮಗಳಿಗೇ ಮೀಸಲು. ಇಂದು ಅಲ್ಲಿನ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಹಳ್ಳಿಯಲ್ಲಿ ಮಗಳನ್ನು ಅಳಿಸಿದ ಕಟ್ಟಳೆಯೇ ಪಟ್ಟಣದಲ್ಲಿ ಮಗಳನ್ನು ಓದಿಸಿತು.

ಇಲ್ಲಿ ನಿಜವಾದ ಧರ್ಮಸೂಕ್ಷ್ಮವಿದೆ. ಕೆಟ್ಟ ಮರದಲ್ಲಿ ಬಿಟ್ಟ ಸಿಹಿ ಹಣ್ಣನ್ನು ಏನೆಂದು ಕರೆಯೋಣ? ಬಲಾತ್ಕಾರದ ಗರ್ಭಪಾತಗಳನ್ನೂ ಈ ಹುಡುಗಿಯ ಪದವಿಪತ್ರವನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗಿ, ಕೊನೆಗೆ ಲಾಭವೇ ಆಯಿತೆನ್ನುವವರು ಇದ್ದಾರೆ. ನಮಗೆ ಹಾಗೆ ತೂಗಲು ಮನಸ್ಸಿಲ್ಲ. ಒಬ್ಬಳ ಓದು ಇನ್ನೊಬ್ಬಳ ಇಲ್ಲದಿರುವಿಕೆಗೆ ಪರಿಹಾರಧನವಲ್ಲ. ಅಲ್ಲದೆ ದಕ್ಷಿಣ ಕೊರಿಯಾದಲ್ಲಿ ಇಂಥ ಕಟ್ಟಳೆ ಇರಲೇ ಇಲ್ಲ, ಅಲ್ಲಿಯೂ ಹೆಣ್ಣುಮಕ್ಕಳು ಓದಿದರು. ಅಲ್ಲಿಯೂ 1990ರಲ್ಲಿ ನೂರು ಹೆಣ್ಣಿಗೆ 116 ಗಂಡು ಹುಟ್ಟುತ್ತಿದ್ದುವು, 2007ರ ಹೊತ್ತಿಗೆ ಲೆಕ್ಕ ಸರಿಹೋಯಿತು. ಹೆಣ್ಣು ಅಪರೂಪವಾದದ್ದರಿಂದ ಅಲ್ಲ. ಹೆಣ್ಣಿಗೆ ದುಡಿಮೆ ಬಂತು, ಮುಪ್ಪಿಗೆ ಪಿಂಚಣಿ ಬಂತು, ಗಂಡೇ ಮನೆಯ ಯಜಮಾನನೆಂಬ ಹಳೆಯ ಕಾನೂನನ್ನು 2005ರಲ್ಲಿ ರದ್ದುಮಾಡಿದರು.

ಇನ್ನೊಂದು ಮಾತು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. ಚೀನಾದ ಪಟ್ಟಣದ ಆ ಹುಡುಗಿಗೆ ಸ್ಥಾನ ಬಂದದ್ದು ದೇಶದಲ್ಲಿ ಹೆಣ್ಣು ಕಡಮೆಯಾದದ್ದರಿಂದಲೂ ಅಲ್ಲ, ಅವಳ ಮನೆಯಲ್ಲಿ ಅಣ್ಣತಮ್ಮಂದಿರು ಇಲ್ಲದ್ದರಿಂದ. ಖಾಲಿಯಿದ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಕುರ್ಚಿ ಮಗನದೇ. ನಮ್ಮಲ್ಲಿಯೂ ಒಂದೋ ಎರಡೋ ಹೆಣ್ಣುಮಕ್ಕಳಿರುವ ಫ್ಲ್ಯಾಟುಗಳಲ್ಲಿ, ಡೊಂಬಿವಲಿಯಾಗಲಿ ಮಲ್ಲೇಶ್ವರವಾಗಲಿ, 'ನಮ್ಮ ಮಗಳು ಮಗನಿಗಿಂತ ಏನೂ ಕಡಮೆಯಿಲ್ಲ' ಎಂಬ ಹೆಮ್ಮೆಯ ಮಾತು ಕೇಳುತ್ತೇವೆ. ಪ್ರೀತಿಯಿಂದಲೇ ಆಡುವ ಮಾತು. ಆದರೆ ಅಳತೆಗೋಲು ಯಾವುದು ನೋಡಿ. ಮಗನನ್ನು ಹೊಗಳುವಾಗ ಮಗಳಿಗಿಂತ ಏನೂ ಕಡಮೆಯಿಲ್ಲ ಎಂದು ಯಾರಾದರೂ ಅಂದದ್ದುಂಟೆ?

ಹೀಗೆ ಓದಿ ದುಡಿಯುತ್ತಿರುವ ಆ ಹೆಣ್ಣು ಇಪ್ಪತ್ತೇಳು ದಾಟಿಯೂ ಮದುವೆಯಾಗದಿದ್ದರೆ ಅವಳಿಗೆ ಅಲ್ಲಿ 'ಶೆಂಗ್‌ನ್ಯೂ' ಎಂದು ಹೆಸರು. ಉಳಿದುಹೋದ ಹೆಣ್ಣು, ತಂಗಳನ್ನದಂತೆ. 2007ರಲ್ಲಿ ಶಿಕ್ಷಣ ಮಂತ್ರಾಲಯದ ಹೊಸ ಪದಗಳ ಪಟ್ಟಿಯಲ್ಲಿಯೇ ಇದು ಸೇರಿತು. ಗಂಡಸರು ಕೋಟಿಗಟ್ಟಲೆ ಹೆಚ್ಚಿರುವ ದೇಶದಲ್ಲಿ ಉಳಿದುಹೋದವಳು ಹೆಣ್ಣಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲವೆ? ಅವಳೇ ಕೇಳಿದಳು. ಬೇಡವೆಂದಳು. 2013ರಲ್ಲಿ ಚೀನಾದಲ್ಲಿ 1 ಕೋಟಿ 34 ಲಕ್ಷ ಮದುವೆಗಳು ದಾಖಲಾಗಿದ್ದರೆ 2024ರಲ್ಲಿ 61 ಲಕ್ಷವಷ್ಟೆ. ಹುಡುಗಹುಡುಗಿಯರ ಸಂಖ್ಯೆಯೇ ಕುಗ್ಗಿರುವುದೂ ಇದಕ್ಕೆ ಕಾರಣ, ಅದೊಂದೇ ಕಾರಣವಲ್ಲ. ಕಟ್ಟಳೆ 2015ರ ಕೊನೆಗೆ ಮುಗಿದು ಎರಡು ಮಕ್ಕಳಿಗೆ ಅವಕಾಶವಾಯಿತು, 2021ರಲ್ಲಿ ಮೂರಕ್ಕೆ. 2025ರಲ್ಲಿ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡುತ್ತೇವೆಂದರು. ಅಜ್ಜಿಗೆ ಹೆರಬೇಡ ಎಂದ ಪಕ್ಷವೇ ಮೊಮ್ಮಗಳಿಗೆ ಹೆರು ಎನ್ನುತ್ತಿದೆ. ಇವರಿಬ್ಬರಲ್ಲಿ ಯಾರನ್ನೂ ಕೇಳಿ ಅದು ತೀರ್ಮಾನಿಸಲಿಲ್ಲ. ಕೇಳುವ ಜಾಗದಲ್ಲಿ ಇರುವವರಾದರೂ ಯಾರು? 2022ರಲ್ಲಿ ರಚನೆಯಾದ 24 ಮಂದಿಯ ಪಾಲಿಟ್‌ಬ್ಯೂರೋದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಈ ನಡುವೆ ಜಿಯಾಂಗ್ಸು, ಝೆಜಿಯಾಂಗ್ ಪ್ರಾಂತಗಳಲ್ಲಿ ಸದ್ದಿಲ್ಲದೆ ಒಂದು ಹೊಸ ರೂಢಿ ಬೆಳೆದಿದೆ. ಅದಕ್ಕೆ 'ಎರಡು ತುದಿಯ ಮದುವೆ' ಎನ್ನುತ್ತಾರೆ. ಎರಡು ಮನೆಗಳಿಗೂ ಒಂದೊಂದೇ ಮಗು. ಆದ್ದರಿಂದ ತೆರವಿಲ್ಲ, ವರದಕ್ಷಿಣೆಯಿಲ್ಲ, ಹೆಣ್ಣು ತವರು ಬಿಟ್ಟು ಹೋದಂತೆ ಲೆಕ್ಕವಿಲ್ಲ. ದಂಪತಿಗಳು ಎರಡು ಮನೆಗೂ ಹೋಗಿ ಬರುತ್ತಾರೆ, ಎರಡೂ ಕಡೆಯ ಮುದುಕರನ್ನು ನೋಡಿಕೊಳ್ಳುತ್ತಾರೆ. ಹುಟ್ಟುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ತಂದೆಯ ಮನೆತನದ ಹೆಸರು, ಇನ್ನೊಬ್ಬರಿಗೆ ತಾಯಿಯದು. ಚೆಲ್ಲಿದ ನೀರು ಕೊಡಕ್ಕೆ ಮರಳಿದಂತೆ! ಇಲ್ಲಿಯೂ ಜಗಳವಿಲ್ಲದಿಲ್ಲ. ಇಬ್ಬರಲ್ಲಿ ಒಂದು ಗಂಡು, ಒಂದು ಹೆಣ್ಣಾದರೆ ಗಂಡುಮಗುವಿಗೆ ತಮ್ಮ ಹೆಸರೇ ಇರಲೆಂದು ಎರಡು ಮನೆಯ ತಾತಂದಿರೂ ಪಟ್ಟು ಹಿಡಿಯುವುದುಂಟು. ಮಗು ತಾಯಿಯ ಮನೆತನದ ಹೆಸರನ್ನೂ ಇಟ್ಟುಕೊಳ್ಳಬಹುದೆಂದು 1980ರ ವಿವಾಹ ಕಾನೂನು ಸ್ಪಷ್ಟವಾಗಿಯೇ ಹೇಳಿತ್ತು. ನಲ್ವತ್ತು ವರ್ಷಗಳ ನಂತರ, 2020ರಲ್ಲಿ ಹುಟ್ಟಿದ ಕೂಸುಗಳ ಹೆಸರುಗಳನ್ನು ಅಲ್ಲಿನ ಪೋಲಿಸ್ ಇಲಾಖೆ ಲೆಕ್ಕ ಹಾಕಿತು. ತಂದೆಯ ಹೆಸರು ಪಡೆದ ಹನ್ನೆರಡು ಮಕ್ಕಳಿಗೆ ತಾಯಿಯ ಹೆಸರು ಪಡೆದ ಮಗು ಒಂದು.